ಒಬ್ಬರಿಗೊಬ್ಬರು ಹೇಳಿಕೊಳ್ಳುವ ಜಾಗ (ಯಾಕೋಬ 5:13-16)

ಯಾಕೋಬನ ಪತ್ರಿಕೆ 5ನೇ ಅಧ್ಯಾಯ ತೆಗೆಯಿರಿ. ಫೋನಲ್ಲಿ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

14ನೇ ವಚನ ನಮಗೆಲ್ಲ ಬಾಯಿಪಾಠ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಬೇಕು, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು. ಆದರೆ 16ನೇ ವಚನಕ್ಕೆ ಬಂದಾಗ ಯಾಕೋಬನು ಹಿರಿಯರನ್ನು ಬಿಟ್ಟು ಇಡೀ ಸಭೆಯ ಕಡೆ ತಿರುಗುತ್ತಾನೆ. ವಿಶ್ವಾಸಿಗಳು ಪರಸ್ಪರ ಮನಸ್ಸು ಬಿಚ್ಚಿ ಒಪ್ಪಿಕೊಂಡು, ಪರಸ್ಪರ ಪ್ರಾರ್ಥಿಸುವಲ್ಲಿ ಸ್ವಸ್ಥತೆ ಇದೆ ಅಂತಾನೆ. ಎಣ್ಣೆ ಹಚ್ಚಿಸಿಕೊಳ್ಳೋಕೆ ನಾವು ಸಾಲಾಗಿ ನಿಲ್ತೀವಿ. ಬಾಯಿಬಿಟ್ಟು ಹೇಳಿಕೊಳ್ಳೋಕೆ ನಮ್ಮಲ್ಲಿ ಜಾಗ ಎಲ್ಲಿದೆ?

ಈ ಪಾಠ ಯಾಕೆ ಅಂದ್ರೆ, ಇತ್ತೀಚೆಗೆ ನಿಮ್ಮಲ್ಲೇ ಮೂರು ಜನ ಬೇರೆ ಬೇರೆಯಾಗಿ ಬಂದು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ರಿ. "ಪಾಸ್ಟರ್, ಡಾಕ್ಟರು ಗ್ರೂಪ್ ಥೆರಪಿಗೆ ಹೋಗು ಅಂದಿದ್ದಾರೆ. ವಿಶ್ವಾಸಿಯಾಗಿ ನಾನು ಹೋಗಬಹುದಾ?" ನಾನು ಡಾಕ್ಟರ್ ಅಲ್ಲ. ವಾರವೆಲ್ಲ ಆಫೀಸಿಗೆ ಹೋಗಿ ಭಾನುವಾರ ವಾಕ್ಯ ಹೇಳೋ ನಿಮ್ಮ ಅಣ್ಣ. ಆದ್ರೂ ವಾಕ್ಯದ ಬೆಳಕಿನಲ್ಲಿ ಉತ್ತರ ಹೇಳಬೇಕಾದ ಜವಾಬ್ದಾರಿ ನನಗಿದೆ.

1. ಇದು ಸಭೆಗೆ ಪರದೇಶಿ ಅಲ್ಲ

1905ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಪ್ರ್ಯಾಟ್ ಅನ್ನೋ ವೈದ್ಯರು ಬಡ ಟಿಬಿ ರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸತೊಡಗಿದರು. ಸ್ಯಾನಟೋರಿಯಂಗೆ ಹೋಗಲು ಇವರ ಹತ್ತಿರ ದುಡ್ಡಿರಲಿಲ್ಲ. ತಮ್ಮ ವಿಶ್ರಾಂತಿ, ಜ್ವರ ಎಲ್ಲ ಪುಸ್ತಕದಲ್ಲಿ ಬರೆದು ತರ್ತಿದ್ರು, ತೂಕ ನೋಡಿಸಿಕೊಳ್ತಿದ್ರು. ಪಕ್ಕದವನು ಚೇತರಿಸಿಕೊಂಡದ್ದನ್ನು ನೋಡಿದವನಿಗೆ ತನಗೂ ಆಗುತ್ತೆ ಅನ್ನೋ ಧೈರ್ಯ ಬರ್ತಿತ್ತು. ಗುಂಪು ಚಿಕಿತ್ಸೆಯ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ಇದಕ್ಕೆ ಹಣ ಕೊಟ್ಟದ್ದು ಯಾರು? ಆ ಊರಿನ ಇಮ್ಯಾನ್ಯುಯಲ್ ಚರ್ಚ್. ವೈದ್ಯ ತನ್ನ ಕೆಲಸ ಮಾಡಿದ, ಸಭೆ ತನ್ನ ಕೆಲಸ ಮಾಡಿತು.

30 ವರ್ಷದ ನಂತರ, 1935ರಲ್ಲಿ, ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ ಇಬ್ಬರು ಭೇಟಿಯಾದರು. ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಶಸ್ತ್ರವೈದ್ಯ. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಆಕ್ರನ್‌ನ ಮೊದಲ ಸದಸ್ಯರಿಗೆ ಯಾಕೋಬನ ಪತ್ರಿಕೆ ಎಷ್ಟು ಇಷ್ಟವಾಗಿತ್ತು ಅಂದ್ರೆ, ಗುಂಪಿಗೆ ಯಾಕೋಬನ ಹೆಸರನ್ನೇ ಇಡೋಣ ಅನ್ನೋ ಮಾತೂ ಬಂದಿತ್ತು! ಅವರ 12 ಹೆಜ್ಜೆಗಳಲ್ಲಿ ಐದನೆಯದು, ತಪ್ಪನ್ನು ದೇವರ ಮುಂದೆಯೂ ಇನ್ನೊಬ್ಬ ಮನುಷ್ಯನ ಮುಂದೆಯೂ ಒಪ್ಪಿಕೊಳ್ಳೋದು. ನಾವು ದಾಟಿ ಹೋದ 16ನೇ ವಚನವನ್ನು ಕುಡಿತದಿಂದ ನೊಂದವರು ಹಿಡಿದುಕೊಂಡ್ರು.

2. "ನಾನೊಬ್ಬನೇ" ಅನ್ನೋ ಸುಳ್ಳು

ಗುಂಪಿನಲ್ಲಿ ಏನು ನಡೆಯುತ್ತೆ? ಸಾಮಾನ್ಯವಾಗಿ ಏಳೆಂಟು ಜನ ವೃತ್ತಾಕಾರದಲ್ಲಿ ಕೂರ್ತಾರೆ. ತರಬೇತಿ ಪಡೆದವರೊಬ್ಬರು ನಡೆಸ್ತಾರೆ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಅನ್ನೋದು ಮುಖ್ಯ ನಿಯಮ. ಮನೋವೈದ್ಯ ಇರ್ವಿನ್ ಯಾಲಮ್ 1970ರಲ್ಲಿ ಈ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅವರು ದೇವರನ್ನು ನಂಬುವವರಲ್ಲ. ಆದ್ರೂ ಗುಂಪಿನಲ್ಲಿ ವಾಸಿಮಾಡುವ ಅಂಶಗಳನ್ನು ಪಟ್ಟಿ ಮಾಡಿದಾಗ ಅವರು ಹೇಳಿದ್ದೇನು? ನಿರೀಕ್ಷೆ ಹುಟ್ಟುವುದು, ಇನ್ನೊಬ್ಬರಿಗೆ ನೆರವಾಗುವುದು, ಮತ್ತು ಈ ಕಷ್ಟ ನನಗೊಬ್ಬನಿಗೇ ಅಲ್ಲ ಅಂತ ತಿಳಿಯುವುದು.

ಈಗ 1 ಅರಸುಗಳು 19 ನೋಡಿ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿದ ಎಲೀಯ, ಮುಂದಿನ ಅಧ್ಯಾಯದಲ್ಲೇ ಗಿಡದ ಕೆಳಗೆ ಕೂತು ಸಾವು ಕೇಳ್ತಾನೆ. ದೇವರು ಮೊದಲು ಪ್ರಸಂಗ ಮಾಡಲಿಲ್ಲ. ನಿದ್ದೆ ಕೊಟ್ಟರು, ರೊಟ್ಟಿ ಮತ್ತು ನೀರು ಕೊಟ್ಟರು, ಅದೂ ಎರಡು ಸಲ. ಆಮೇಲೆ ಪ್ರಶ್ನೆ ಕೇಳಿ ಅವನನ್ನು ಮಾತಾಡಿಸಿದರು. ಎಲೀಯ ಎರಡು ಸಲವೂ ಹೇಳಿದ್ದು ಒಂದೇ ಮಾತು: ಉಳಿದಿರೋದು ನಾನೊಬ್ಬನೇ. ದೇವರ ಉತ್ತರ ಏನು? ಇನ್ನೂ 7000 ಜನ ಇದ್ದಾರೆ. ಮೇಲಾಗಿ ಜೊತೆಗೆ ನಡೆಯೋಕೆ ಎಲೀಷನನ್ನು ಕೊಟ್ಟರು. ತಂಗಿ, ತಮ್ಮಾ, ರಾತ್ರಿ 2 ಗಂಟೆಗೆ ಪಿಜಿ ರೂಮಿನ ಛಾವಣಿ ನೋಡ್ತಾ "ನನಗೊಬ್ಬನಿಗೇ ಹೀಗೆ" ಅನ್ನಿಸಿದಾಗ ಆ 7000 ನೆನಪಿರಲಿ.

3. ಭಕ್ತಿ ಔಷಧವೂ ಆಗುತ್ತೆ, ಭಾರವೂ ಆಗುತ್ತೆ

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್, ಕಷ್ಟದಲ್ಲಿ ಜನ ದೇವರ ಕಡೆ ತಿರುಗುವ ರೀತಿಯನ್ನು ಎರಡಾಗಿ ವಿಂಗಡಿಸಿದ್ದಾರೆ. ದೇವರು ನನ್ನ ಜೊತೆ ಇದ್ದಾನೆ, ಸಭೆ ನನ್ನ ಜೊತೆ ಇದೆ ಅನ್ನೋದು ಒಂದು. ದೇವರು ನನಗೆ ಶಿಕ್ಷೆ ಕೊಡ್ತಿದ್ದಾನೆ, ಕೈಬಿಟ್ಟಿದ್ದಾನೆ ಅನ್ನೋದು ಇನ್ನೊಂದು. ಮೊದಲನೆಯದು ಎತ್ತಿ ನಿಲ್ಲಿಸುತ್ತೆ, ಎರಡನೆಯದು ನೋವನ್ನು ಹೆಚ್ಚಿಸುತ್ತೆ.

ಕುಗ್ಗಿದ ಒಬ್ಬ ವಿಶ್ವಾಸಿ ನಮ್ಮ ಮಾತು ಕೇಳಿ ಯಾವ ಕಡೆ ಹೋಗ್ತಾನೆ? ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಕೂತಿದ್ದಾಗ ಚೆನ್ನಾಗಿಯೇ ಇದ್ರು. ಬಾಯಿ ತೆರೆದು "ನೀನೇನೋ ಪಾಪ ಮಾಡಿರ್ತೀಯ" ಅಂದಾಗಲೇ ತೊಂದರೆ ಶುರುವಾಯ್ತು. ಯಾಕೋಬ 5:15 ಗಮನಿಸಿ. ಪಾಪ ಮಾಡಿದ್ದಾನೆ ಅನ್ನಲಿಲ್ಲ, ಮಾಡಿದ್ದರೆ ಅಂದ. ಆ "ದ್ದರೆ" ಬಹಳ ಮುಖ್ಯ. ಮತ್ತಾಯ 4:24ರಲ್ಲಿ ದೆವ್ವ ಹಿಡಿದವರನ್ನೂ ಮೂರ್ಛೆರೋಗಿಗಳನ್ನೂ ಬೇರೆ ಬೇರೆಯಾಗಿ ಹೇಳಿದೆ. ಸತ್ಯವೇದವೇ ಬೇರೆ ಮಾಡಿದ್ದನ್ನು ನಾವು ಒಂದೇ ಮಾಡಿ ಖಿನ್ನತೆ ಇರೋ ಮಗುವಿನ ತಲೆ ಮೇಲೆ ಕಿರುಚಬಾರದು.

4. ಹಾಗಾದ್ರೆ ಹೋಗಬಹುದಾ?

ಹೋಗಿ. ಡಾಕ್ಟರು ಕೊಟ್ಟ ಮಾತ್ರೆಯನ್ನೂ ತಗೊಳ್ಳಿ. ಅವರನ್ನು ಕೇಳದೆ ನಿಲ್ಲಿಸಬೇಡಿ. ಅದು ನಂಬಿಕೆಯ ಪರೀಕ್ಷೆ ಅಲ್ಲ. ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ, ತಿಮೊಥೆಯ ಹೊಟ್ಟೆನೋವಿಗೆ ಪೌಲನೇ ಸ್ವಲ್ಪ ದ್ರಾಕ್ಷಾರಸ ಸೂಚಿಸಿದ. ಪ್ರಾರ್ಥನೆ ಮಾಡುವ ಕೈಯೇ ಮಾತ್ರೆಯನ್ನೂ ಬಾಯಿಗಿಡಬಹುದು.

"ಅಲ್ಲಿ ಎಲ್ಲಾ ಧರ್ಮದವರೂ ಇರ್ತಾರೆ, ನಾನು ಸಾಕ್ಷಿ ಹೇಳಬೇಕಲ್ವಾ?" ಅಂತ ಒಬ್ಬ ತಮ್ಮ ಕೇಳಿದ. ನಿನ್ನ ಜೀವನದ ಮಾತು ಹೇಳು: ಪ್ರಾರ್ಥನೆ ನನಗೆ ಬಲ ಕೊಡ್ತು, ಇಂಥ ರಾತ್ರಿ ಕೀರ್ತನೆ ಓದಿ ನಿದ್ದೆ ಬಂತು ಅಂತ. ಆದ್ರೆ ಇನ್ನೊಬ್ಬ ಅಳುವಾಗ "ನಿನ್ನ ದೇವರಿಂದ ಆಗಲ್ಲ" ಅನ್ನಬೇಡ. ಅದು ಸುವಾರ್ತಾ ಕೂಟ ಅಲ್ಲ, ಗಾಯ ಆದವರ ಕೋಣೆ. ಅಲ್ಲಿ ತಾಳ್ಮೆಯಿಂದ ಕೇಳಿಸಿಕೊಳ್ಳೋದೇ ನಿನ್ನ ಸಾಕ್ಷಿ. ಅಲ್ಲಿ ಮಾಡಿಸೋ ಯಾವುದಾದರೂ ಅಭ್ಯಾಸಕ್ಕೆ ನಿನ್ನ ಮನಸ್ಸಾಕ್ಷಿ ಒಪ್ಪದಿದ್ರೆ, ನಡೆಸುವವರಿಗೆ ನಮ್ರವಾಗಿ ಹೇಳು. ಒಳ್ಳೆಯ ಥೆರಪಿಸ್ಟ್ ಬಲವಂತ ಮಾಡಲ್ಲ.

5. ನಮ್ಮ ಮನೆಕೂಟಗಳಿಗೆ ನಾಲ್ಕು ಮಾತು

ನಮ್ಮ ಮನೆಕೂಟ ಚಿಕಿತ್ಸೆಯ ಗುಂಪು ಅಲ್ಲ, ಆಗಲೂಬಾರದು. ಆದ್ರೆ ಹೇಳಿಕೊಳ್ಳುವ ಜಾಗ ಆಗಬಹುದು.

ಒಂದು, ಕೇಳಿದ್ದನ್ನು ಪ್ರಾರ್ಥನಾ ವಿಷಯ ಅನ್ನೋ ನೆಪದಲ್ಲಿ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಎರಡು, ಒಬ್ಬರು ಮಾತಾಡಿದ ತಕ್ಷಣ ವಚನ ಎಸೆಯಬೇಡಿ. "ಪ್ರಾರ್ಥನೆ ಮಾಡಲಾ, ಸುಮ್ಮನೆ ಜೊತೆ ಕೂರಲಾ?" ಅಂತ ಕೇಳಿ.

ಮೂರು, ಕೈಮೀರಿದ್ದನ್ನು ಹೊರೋಕೆ ಹೋಗಬೇಡಿ. ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಹೊರಗಿನ ಬೆಂಚಲ್ಲಿ ಕಾಯಿರಿ. ಗಲಾತ್ಯ 6:2ರ ಭಾರ ಹೊರುವುದು ಅಂದ್ರೆ ಇದೂ ಹೌದು.

ನಾಲ್ಕು, ಯಾರಾದರೂ ಸಾಯಬೇಕು ಅನ್ನಿಸ್ತಿದೆ ಅಂದ್ರೆ ಅದನ್ನು ಗುಟ್ಟಾಗಿ ಇಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಸರ್ವಿಸ್ ಮುಗಿದ ಮೇಲೆ ಅಲ್ಲ, ಈಗ.

ಈ ವಾರ ಮನೆಕೂಟದಲ್ಲಿ ಹಾಡು ಒಂದು ಕಮ್ಮಿ ಮಾಡಿ, ಆ ಹತ್ತು ನಿಮಿಷ ಒಬ್ಬರ ಮಾತು ಪೂರ್ತಿ ಕೇಳಿ.

ಪ್ರಾರ್ಥಿಸೋಣ. ಕರ್ತನೇ, ಎಲೀಯನನ್ನು ಗದರಿಸದೆ ಊಟ ಕೊಟ್ಟ ದೇವರು ನೀನು. ಈ ಕೂಟದಲ್ಲಿ ನಗುತ್ತಾ ಕೂತು ಒಳಗೇ ಮುರಿದಿರುವ ಮಕ್ಕಳನ್ನು ನೀನು ಬಲ್ಲೆ. ಹೇಳಿಕೊಳ್ಳೋಕೆ ಅವರಿಗೆ ಧೈರ್ಯ ಕೊಡು, ಕೇಳಿಸಿಕೊಳ್ಳೋಕೆ ನಮಗೆ ಕಿವಿ ಕೊಡು. ಅವರಿಗೆ ಚಿಕಿತ್ಸೆ ಕೊಡುವ ವೈದ್ಯರ ಕೈಗಳನ್ನು ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.