ಋಣವಿಮೋಚನೆಯೂ ಗೃಹಿಣಿಯ ಲೆಕ್ಕದ ಪುಸ್ತಕವೂ

ನಮ್ಮ ಶಾಲೆಯಲ್ಲಿ ಓದಿ ಹೋಗಿ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಈಗ ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಇರುವ ಪೂರ್ವವಿದ್ಯಾರ್ಥಿನಿಯರು ಆಗಾಗ್ಗೆ ನಮ್ಮನ್ನು ಕಾಣಬರುವುದುಂಟು. ಮಕ್ಕಳ ಕ್ಷೇಮವನ್ನೂ ಮಳೆಬೆಳೆಯ ಸಂಗತಿಯನ್ನೂ ಹೇಳಿ ಮುಗಿಸಿ, ಹೊರಡುವ ಹೊತ್ತಿಗೆ ಬಾಗಿಲ ಬಳಿ ನಿಂತು, ದನಿಯನ್ನು ತಗ್ಗಿಸಿ, ಅವರಲ್ಲಿ ಕೆಲವರು ಸಾಲದ ಮಾತನ್ನೆತ್ತುವರು. ರೋಗವನ್ನು ಹೇಳಿಕೊಳ್ಳಲು ನಾಚದವರೂ ಸಾಲವನ್ನು ಹೇಳಿಕೊಳ್ಳಲು ನಾಚುವರು. ಈ ನಾಚಿಕೆಯೇ ಸಾಲದ ಮೊದಲನೆಯ ಬಲವೆಂದು ನಮಗೆ ತೋರುವುದು. ಏಕೆಂದರೆ ಮುಚ್ಚಿಟ್ಟ ಸಾಲವು ಮುಚ್ಚಿಟ್ಟ ಹುಣ್ಣಿನಂತೆ ಒಳಗೇ ಬೆಳೆಯತಕ್ಕುದು. ಆದಕಾರಣ ತರಗತಿಯಲ್ಲಿ ಗೃಹಕೃತ್ಯದ ಪಾಠವನ್ನು ಹೇಳುವ ಕ್ರಮದಲ್ಲಿಯೇ, ಸಾಲ ತೀರಿಸುವ ವಿಷಯವಾಗಿ ನಾಲ್ಕು ಪಾಠಗಳನ್ನು ಇಲ್ಲಿ ಬರೆದಿರುತ್ತೇವೆ. ತಾಯಿತಂದೆಗಳು ಇದನ್ನು ಮಕ್ಕಳೊಡನೆ ಕುಳಿತು ಓದಬೇಕೆಂದು ನಮ್ಮ ಬಿನ್ನಹ.

ಸಾಲವು ಬರುವ ದಾರಿ

ಸಾಲಗಾರರೆಲ್ಲರೂ ದುಂದುಗಾರರೆಂದು ಹೇಳುವುದು ಅನ್ಯಾಯ. ನಮ್ಮ ಸೀಮೆಯು ಮಳೆ ಕಡಿಮೆಯಾದ ಸೀಮೆ. ೧೮೭೬-೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಪಟ್ಟ ಪಾಡನ್ನು ಹಿರಿಯರು ಬಹುಕಾಲ ನೆನೆಯುತ್ತಿದ್ದರು; ಆಮೇಲೂ ಬರಗಾಲವು ಈ ಕಡೆಗೆ ಬಾರದೆ ಇರಲಿಲ್ಲ. ಪಾವಗಡ, ಸಿರಾಗಳ ಕಡೆ ಕಡಲೆಕಾಯಿಯನ್ನು ನಂಬಿದ ರೈತನಿಗೆ ಹಣವು ಬರುವುದು ವರ್ಷಕ್ಕೊಮ್ಮೆ. ವೆಚ್ಚವೋ ದಿನದಿನವೂ ಬಾಗಿಲು ತಟ್ಟುವುದು. ಈ ಅಂತರವನ್ನು ತುಂಬಲು ತೆಗೆದ ಕೈಸಾಲವು ಮೊದಲನೆಯದು. ನೀರು ಬೀಳದ ಕೊಳವೆ ಬಾವಿ, ಆಸ್ಪತ್ರೆಯ ಖರ್ಚು, ಮಗಳ ಮದುವೆ, ಇವು ಮುಂದಿನ ಮೂರು. ಒಂದು ಸಾಲದ ಕಂತನ್ನು ಕಟ್ಟಲು ಮತ್ತೊಂದು ಸಾಲ ತೆಗೆಯುವುದು ಐದನೆಯದು. ಮೊದಲ ನಾಲ್ಕರಲ್ಲಿ ಸಿಕ್ಕವರು ಹೊರಬಂದಾರು, ಐದನೆಯದರಲ್ಲಿ ಸಿಕ್ಕವರು ಹೊರಬರುವುದು ಬಹು ಕಷ್ಟ.

ವರ್ಷಕ್ಕೊಮ್ಮೆ ಬರುವ ಹಣವನ್ನು ಹನ್ನೆರಡು ಭಾಗ ಮಾಡಿಡುವುದೇ ಇದಕ್ಕೆ ಮೊದಲ ಔಷಧ. ಪಾವಗಡದ ತಿರುಮಣಿ ಸುತ್ತಿನ ಊರುಗಳಲ್ಲಿ ಸುಮಾರು ೧೩,೦೦೦ ಎಕರೆ ಜಮೀನಿನ ಮೇಲೆ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನವು ನಿಂತಿದೆ. ಅಲ್ಲಿ ಭೂಮಿಯನ್ನು ಗುತ್ತಿಗೆಗೆ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಗುತ್ತಿಗೆ ಹಣವು ಮೊದಲಾಯಿತು. ಕೈಗೆ ಒಮ್ಮೆಗೇ ಬಂದಾಗ ಇದು ದೊಡ್ಡ ಗಂಟಾಗಿ ಕಾಣುವುದು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ೧,೭೫೦ ರೂಪಾಯಿ ಮಾತ್ರ. ಗಂಟನ್ನು ಕಂಡು ವೆಚ್ಚ ಮಾಡುವವಳು ಸಾಲಕ್ಕೆ ಬೀಳುವಳು. ಭಾಗವನ್ನು ಕಂಡು ವೆಚ್ಚ ಮಾಡುವವಳು ನಿಲ್ಲುವಳು. ಕಡಲೆಕಾಯಿ, ಹುಣಸೆ, ಅಡಕೆಗಳ ಹಣಕ್ಕೂ ಇದೇ ನ್ಯಾಯ.

ಮೊದಲನೆಯ ಪಾಠ: ಬರೆದಿಡುವುದು

ಜಪಾನ್ ದೇಶದಲ್ಲಿ ಹಾನಿ ಮೊತೊಕೊ ಎಂಬ ಪತ್ರಕರ್ತೆಯು ೧೯೦೪ರಲ್ಲಿ ಗೃಹಿಣಿಯರಿಗಾಗಿ ಮನೆಲೆಕ್ಕದ ಪುಸ್ತಕವೊಂದನ್ನು ಅಚ್ಚು ಹಾಕಿಸಿದಳು. ಮುಂದೆ ೧೯೨೧ರಲ್ಲಿ ಟೋಕಿಯೋ ನಗರದಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಸ್ಥಾಪಿಸಿದವಳೂ ಈಕೆಯೇ. ಆ ಬಗೆಯ ಪುಸ್ತಕವನ್ನು ಇಂದಿಗೂ ಆ ದೇಶದ ಮನೆಗಳಲ್ಲಿ ಬರೆಯುವರು. ನಮಗೆ ಅಚ್ಚಿನ ಪುಸ್ತಕವೂ ಬೇಕಿಲ್ಲ. ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಉಳಿದ ಹಾಳೆಗಳು ಸಾಕು.

ಮೊದಲನೆಯ ಹಾಳೆಯಲ್ಲಿ ಸಾಲಗಳನ್ನೆಲ್ಲಾ ಬರೆಯಬೇಕು: ಯಾರಿಗೆ, ಅಸಲೆಷ್ಟು, ಬಡ್ಡಿಯೆಷ್ಟು, ಕಂತೆಷ್ಟು, ಗಡುವು ಯಾವಾಗ. ಅಂಗಡಿಯ ಬಾಕಿಯನ್ನೂ ನೆಂಟರ ಕೈಸಾಲವನ್ನೂ ಬಿಡತಕ್ಕದ್ದಲ್ಲ. ಗಂಡಹೆಂಡಿರು ಒಬ್ಬರಿಗೊಬ್ಬರು ತಿಳಿಸದ ಸಾಲಗಳು ಆ ಹಾಳೆಯ ಮೇಲೆ ಮೊದಲ ಬಾರಿಗೆ ಬೆಳಕು ಕಾಣುವುದುಂಟು. ಆ ಸಂಜೆ ಕಹಿಯಾದೀತು. ಆದರೂ ಆ ಕಹಿಯನ್ನು ಕುಡಿಯದೆ ರೋಗವು ಹೋಗದು. ಎರಡನೆಯ ಹಾಳೆಯಿಂದ ಒಂದು ತಿಂಗಳವರೆಗೆ, ಐದು ರೂಪಾಯಿಯ ಚಹಾವನ್ನೂ ಬಿಡದೆ, ದಿನದ ವೆಚ್ಚವನ್ನು ಬರೆಯಬೇಕು. ಆ ತಿಂಗಳಲ್ಲಿ ಏನನ್ನೂ ತಗ್ಗಿಸುವುದು ಬೇಡ, ನೋಡುವುದು ಮಾತ್ರ.

ಎರಡನೆಯ ಪಾಠ: ಬಡ್ಡಿಯನ್ನು ಅರಿಯುವುದು

ನಮ್ಮ ಕಡೆ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು ಹೇಳುವರು. "ಮೂರು ರೂಪಾಯಿ ಬಡ್ಡಿ" ಎಂದರೆ ಕಿವಿಗೆ ಸಣ್ಣದು. ವರ್ಷಕ್ಕೆ ಅದು ನೂರಕ್ಕೆ ೩೬. ಕೆಲವೆಡೆ ಕಂತು ಕಟ್ಟುತ್ತಾ ಬಂದರೂ ಮೊದಲಿನ ಅಸಲಿನ ಮೇಲೆಯೇ ಕಡೆಯವರೆಗೆ ಬಡ್ಡಿ ಹಾಕುವರು. ೧೨,೦೦೦ ರೂಪಾಯಿ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ೧೨ರಂತೆ ಬಡ್ಡಿ ೧,೪೪೦, ಒಟ್ಟು ೧೩,೪೪೦, ತಿಂಗಳ ಕಂತು ೧,೧೨೦. ಆದರೆ ತಿಂಗಳು ತಿಂಗಳೂ ಅಸಲು ಕರಗುತ್ತಿರುವುದರಿಂದ ವರ್ಷವೆಲ್ಲಾ ನಮ್ಮ ಕೈಯಲ್ಲಿ ಸರಾಸರಿ ಇದ್ದ ಹಣ ೬,೫೦೦ ರೂಪಾಯಿ ಮಾತ್ರ. ೬,೫೦೦ಕ್ಕೆ ೧,೪೪೦ ಬಡ್ಡಿಯೆಂದರೆ ನೂರಕ್ಕೆ ೧೨ ಅಲ್ಲ, ಸುಮಾರು ೨೨! ಆದುದರಿಂದ ರುಜು ಹಾಕುವ ಮುನ್ನ, "ಬಡ್ಡಿಯು ಇಳಿಯುವ ಅಸಲಿನ ಮೇಲೋ, ಮೊದಲ ಅಸಲಿನ ಮೇಲೋ?" ಎಂಬ ಒಂದೇ ಪ್ರಶ್ನೆಯನ್ನು ಕೇಳಲು ಪ್ರತಿ ಹುಡುಗಿಯೂ ಕಲಿತಿರಬೇಕು.

ಮೂರನೆಯ ಪಾಠ: ವೆಚ್ಚವನ್ನು ತಗ್ಗಿಸುವುದು

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಂಡನಿಗೆ ಮೂರು ಎಕರೆ ಮಳೆಯಾಶ್ರಯದ ಭೂಮಿ. ಹೆಂಡತಿಯು ಹೊಲಿಗೆಯ ಕೆಲಸ ಮಾಡುವಳು. ಶಾಲೆಗೆ ಹೋಗುವ ಮಕ್ಕಳಿಬ್ಬರು. ೨೦೨೩ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ೨,೦೦೦ ರೂಪಾಯಿಯೂ ಸೇರಿ ತಿಂಗಳ ಸರಾಸರಿ ಆದಾಯ ೧೬,೦೦೦. ಒಂದು ತಿಂಗಳ ಲೆಕ್ಕವನ್ನು ಬರೆದು ನೋಡಿದ ಮೇಲೆ ಆಕೆ ಕಂಡುಕೊಂಡ ಉಳಿತಾಯಗಳಿವು.

ಅಂಗಡಿಯಲ್ಲಿ ಬಾಕಿ ಹೇಳಿ ದಿನವೂ ಸಣ್ಣ ಪೊಟ್ಟಣ ತರುವುದನ್ನು ನಿಲ್ಲಿಸಿ, ತಿಂಗಳಿಗೊಮ್ಮೆ ಸಂತೆಯಲ್ಲಿ ನಗದು ಕೊಟ್ಟು ತಂದುದರಿಂದ ೩೦೦ ರೂಪಾಯಿ. ಮಕ್ಕಳು ದಿನವೂ ತಿನ್ನುತ್ತಿದ್ದ ಹತ್ತು ರೂಪಾಯಿಯ ಕುರುಕಲು ಪೊಟ್ಟಣಕ್ಕೆ ಬದಲಾಗಿ ಹುರಿದ ಕಡಲೆಕಾಯಿ, ಬೆಲ್ಲ, ಹುರಿಗಾಳುಗಳನ್ನು ಡಬ್ಬಿಯಲ್ಲಿಟ್ಟುದರಿಂದ ೪೦೦. ಗಂಡನು ತನ್ನ ಬೀಡಿ, ಎಲೆಯಡಿಕೆ, ಹೋಟೆಲಿನ ಚಹಾಗಳನ್ನು ಅರ್ಧಕ್ಕೆ ಇಳಿಸಿದುದರಿಂದ ೪೫೦. ಹಿತ್ತಿಲಲ್ಲಿ ನುಗ್ಗೆ, ಕರಿಬೇವು, ಬದನೆ, ಸೊಪ್ಪುಗಳನ್ನು ಪಾತ್ರೆ ತೊಳೆದ ನೀರಿನಿಂದಲೇ ಬೆಳೆದುದರಿಂದ ೩೦೦. ಎರಡು ದೂರವಾಣಿಗಳಲ್ಲಿ ಒಂದಕ್ಕೆ ಕಡಿಮೆ ಬೆಲೆಯ ರೀಚಾರ್ಜ್ ಹಾಕಿಸಿದುದರಿಂದ ೧೫೦. ೨೦೨೩ರ ಜೂನ್ ೧೧ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವಿರುವುದರಿಂದ, ಪೇಟೆಯ ಕೆಲಸವನ್ನು ತಾನೇ ವಹಿಸಿಕೊಂಡು ಪೆಟ್ರೋಲಿನಲ್ಲಿ ೨೦೦. ಕಾಳನ್ನು ರಾತ್ರಿಯೇ ನೆನೆಸಿ, ಮುಚ್ಚಳವಿಟ್ಟು ಬೇಯಿಸಿದುದರಿಂದ ಅನಿಲದಲ್ಲಿ ೧೦೦. ಹಳೆಯ ಬಟ್ಟೆಯನ್ನು ತಿರುಗಿಸಿ ಹೊಲಿದುದರಿಂದ ೧೦೦. ಒಟ್ಟು ೨,೦೦೦ ರೂಪಾಯಿ.

ಇಲ್ಲಿ ಗಮನಿಸತಕ್ಕುದೇನೆಂದರೆ, ಇವುಗಳಲ್ಲಿ ಯಾವುದೂ ದೊಡ್ಡದಲ್ಲ, ಹನಿಗೂಡಿ ಹಳ್ಳವಾಯಿತು. ಮತ್ತೊಂದು: ಗಂಡನ ಪಾಲು ಸೇರದಿದ್ದರೆ ಈ ಲೆಕ್ಕವು ನಿಲ್ಲುತ್ತಿರಲಿಲ್ಲ. ಮಿತವ್ಯಯವೆಂಬುದು ಹೆಂಗಸಿನ ತಟ್ಟೆಯಿಂದ ಮಾತ್ರ ತೆಗೆಯುವುದಲ್ಲ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ತಾಯಿಯ ಊಟವನ್ನು ಉಳಿತಾಯವೆಂದು ಕರೆಯುವ ಮನೆಯು ಒಂದು ಸಾಲವನ್ನು ತೀರಿಸಿ ಮತ್ತೊಂದನ್ನು, ಅದೂ ಆಸ್ಪತ್ರೆಯ ಸಾಲವನ್ನು, ತಂದುಕೊಳ್ಳುವುದು.

ತಗ್ಗಿಸಬಾರದ ವೆಚ್ಚಗಳು

ಕೆಲವು ಉಳಿತಾಯಗಳು ಉಳಿತಾಯವಲ್ಲ. ಮೊದಲನೆಯದು ಕುಡಿಯುವ ನೀರು. ಪಾವಗಡ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಬಲ್ಲ ಸಂಗತಿ. ಅದು ಮಕ್ಕಳ ಹಲ್ಲನ್ನು ಕಲೆಗೊಳಿಸಿ, ಬಹುಕಾಲದ ಮೇಲೆ ಮೂಳೆಕೀಲುಗಳನ್ನು ಕೆಡಿಸುವುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು. ಶುದ್ಧ ನೀರಿನ ಘಟಕದಿಂದ ತರುವ ಬಿಂದಿಗೆಯ ಕೆಲವು ರೂಪಾಯಿಗಳನ್ನು ಉಳಿಸಹೋಗಬಾರದು. ಎರಡನೆಯದು ಬೇಳೆಕಾಳು, ಹಾಲು, ಮೊಟ್ಟೆ. ರಾಗಿಮುದ್ದೆಯೂ ಹುರುಳಿ ಅಥವಾ ಅವರೆಯ ಸಾರೂ ಸೊಪ್ಪೂ ಕೂಡಿದ ನಮ್ಮ ಹಳೆಯ ಊಟವು ಅಗ್ಗವೂ ಹೌದು, ಪುಷ್ಟಿಯೂ ಹೌದು. ಕಾಳಿಲ್ಲದ ಬರಿಯ ಅನ್ನವು ಅಗ್ಗ ಮಾತ್ರ. ಮೂರನೆಯದು ಔಷಧ.

ನಾಲ್ಕನೆಯದನ್ನು ನೋವಿನಿಂದಲೇ ಬರೆಯುತ್ತೇವೆ. ಸಾಲವು ಹೆಚ್ಚಿದ ಮನೆಯಲ್ಲಿ ಮೊದಲು ನಿಲ್ಲುವುದು ಹೆಣ್ಣುಮಗಳ ಓದು. "ಒಂದು ಬಾಯಿ ಕಡಿಮೆಯಾದೀತು" ಎಂದು ಬೇಗನೆ ಮದುವೆ ಮಾಡಹೊರಟು, ಆ ಮದುವೆಗಾಗಿಯೇ ಹಿಂದಿನದಕ್ಕಿಂತ ದೊಡ್ಡ ಸಾಲವನ್ನು ತರುವರು. ಹದಿನೆಂಟು ತುಂಬದ ಹುಡುಗಿಯ ಮದುವೆಯು ೨೦೦೬ರ ಕಾಯಿದೆಯಂತೆ ಅಪರಾಧವೆಂಬುದು ಒಂದು ಕಡೆ. ಲೆಕ್ಕದ ದೃಷ್ಟಿಯಿಂದಲೂ ಅದು ತಪ್ಪೆಂಬುದು ಇನ್ನೊಂದು ಕಡೆ. ಓದು ಮುಗಿಸಿದ ಮಗಳು ಮುಂದೆ ತಂದುಕೊಡುವ ಮೂರು ನಾಲ್ಕು ತಿಂಗಳ ಸಂಬಳವು ಇಂದಿನ ಶಾಲೆಯ ವೆಚ್ಚವನ್ನು ಮರಳಿಸೀತು. ಪೋಷಕರೇ, ಕಷ್ಟ ಬಂದಾಗ ಮಗಳ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆಯಿಸುವ ಮುನ್ನ ದಯವಿಟ್ಟು ಒಮ್ಮೆ ಉಪಾಧ್ಯಾಯಿನಿಯರೊಡನೆ ಮಾತನಾಡಿರಿ.

ನಾಲ್ಕನೆಯ ಪಾಠ: ತೀರಿಸುವ ಕ್ರಮ

ಮೇಲೆ ಹೇಳಿದ ಕುಟುಂಬಕ್ಕೆ ಮೂರು ಸಾಲಗಳಿವೆಯೆನ್ನೋಣ. ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ೨೦,೦೦೦. ನೂರಕ್ಕೆ ಒಂದರಂತೆ ಒಡವೆಯ ಮೇಲಿನ ಸಾಲ ೪೦,೦೦೦. ಇಳಿಯುವ ಅಸಲಿನ ಮೇಲೆ ನೂರಕ್ಕೆ ಒಂದರಂತೆ ಸಂಘದ ಸಾಲ ೩೦,೦೦೦, ಇದಕ್ಕೆ ತಿಂಗಳ ಕಂತು ೧,೮೦೦. ಕೈಸಾಲಕ್ಕೆ ೬೦೦, ಒಡವೆಗೆ ೪೦೦ ಬಡ್ಡಿ ಮಾತ್ರ ಕಟ್ಟುತ್ತಾ, ತಿಂಗಳಿಗೆ ಒಟ್ಟು ೨,೮೦೦ ರೂಪಾಯಿ ಕೊಟ್ಟರೂ ೬೦,೦೦೦ ಅಸಲು ಕದಲದೆ ನಿಂತಿತ್ತು.

ಉಳಿಸಿದ ೨,೦೦೦ವನ್ನು ಮೂರಕ್ಕೂ ಹಂಚಬಾರದು. ಬಡ್ಡಿ ಹೆಚ್ಚಾದುದಕ್ಕೆ ಮೊದಲು ಕಟ್ಟಬೇಕು. ಉಳಿದವಕ್ಕೆ ತಪ್ಪದೆ ಹಿಂದಿನಷ್ಟೇ ಕಟ್ಟಬೇಕು. ಹೀಗೆ ಕೈಸಾಲಕ್ಕೆ ೬೦೦ರೊಡನೆ ೨,೦೦೦ ಕೂಡಿಸಿ ೨,೬೦೦ರಂತೆ ಕಟ್ಟಿದರೆ, ಮೊದಲ ತಿಂಗಳಿಗೆ ಅಸಲು ೧೮,೦೦೦ಕ್ಕೂ ಎರಡನೆಯ ತಿಂಗಳಿಗೆ ೧೫,೯೪೦ಕ್ಕೂ ಇಳಿದು, ಒಂಬತ್ತನೆಯ ತಿಂಗಳಲ್ಲಿ ಆ ಸಾಲವು ತೀರುವುದು. ಆಗ ಬಿಡುವಾದ ೨,೬೦೦ವನ್ನು ಒಡವೆಯ ೪೦೦ಕ್ಕೆ ಕೂಡಿಸಿ ೩,೦೦೦ ಕಟ್ಟಬೇಕು. ಗಡುವಿಗೆ ಸರಿಯಾಗಿ ಆ ಸಾಲವನ್ನು ನವೀಕರಿಸಲು ಮರೆಯಬಾರದು. ಹತ್ತೊಂಬತ್ತನೆಯ ತಿಂಗಳಿಗೆ ಸಂಘದ ಸಾಲವು ತೀರಿ ೧,೮೦೦ ಬಿಡುವಾಗುವುದು. ಅದನ್ನೂ ಒಡವೆಗೆ ಕೂಡಿಸಿದರೆ ಇಪ್ಪತ್ತೆರಡನೆಯ ತಿಂಗಳಿಗೆ ಒಡವೆಯು ಮನೆಗೆ ಬರುವುದು. ಎರಡು ವರ್ಷ ತುಂಬುವ ಮೊದಲೇ ೯೦,೦೦೦ ರೂಪಾಯಿ ಸಾಲ ತೀರಿತು! ಆದಾಯವು ಒಂದು ಕಾಸೂ ಹೆಚ್ಚಲಿಲ್ಲವೆಂಬುದನ್ನು ನೋಡಿರಿ.

ಈ ಇಪ್ಪತ್ತೆರಡು ತಿಂಗಳಲ್ಲಿ ಒಮ್ಮೆ ಮಳೆ ಕೈಕೊಟ್ಟೀತು, ಮಗುವಿಗೆ ಜ್ವರ ಬಂದೀತು. ಆಗ ಒಂದೆರಡು ತಿಂಗಳು ಮುಂದೆ ಹೋದರೂ ಚಿಂತೆಯಿಲ್ಲ. ಹೊಸ ಸಾಲವನ್ನು ಮಾತ್ರ ಸೇರಿಸಬಾರದು. ಜಾತ್ರೆ, ಹಬ್ಬ, ರಂಜಾನ್, ಕ್ರಿಸ್ಮಸ್ ಯಾವುದೇ ಇರಲಿ, ಆ ಎರಡು ವರ್ಷ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ನೆಂಟರು ಒಂದು ದಿನ ಆಡಿಕೊಂಡಾರು. ಬಡ್ಡಿಯು ದಿನವೂ ಆಡಿಕೊಳ್ಳುವುದು.

ಸಂಘಗಳ ಮಾತು

ಬಡವರು ಕೂಡಿ ತಮ್ಮ ಹಣವನ್ನು ತಾವೇ ಸಾಲ ಕೊಟ್ಟುಕೊಳ್ಳುವ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ೧೯೦೫ರಲ್ಲಿ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನವೂ ಸಹಕಾರ ಸಂಘಗಳ ಕಾನೂನನ್ನು ಮಾಡಿತು. ಹೆಂಗಸರ ಸ್ವಸಹಾಯ ಸಂಘಗಳು ೧೯೮೦ರ ದಶಕದಲ್ಲಿ ಮೊಳೆತು, ೧೯೯೨ರಿಂದ ನಬಾರ್ಡ್ ಮೂಲಕ ಬ್ಯಾಂಕುಗಳೊಡನೆ ಸೇರಿದವು. ೨೦೦೦-೦೧ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆಯು ಬಂದಿತು. ಇಂಥ ಸಂಘದಲ್ಲಿ ಸದಸ್ಯೆಯರ ಉಳಿತಾಯದಿಂದ ಕೊಟ್ಟ ಸಾಲದ ಬಡ್ಡಿಯು ಸಂಘದಲ್ಲಿಯೇ ಉಳಿಯುವುದು. ಹೆಂಗಸರನ್ನು ಗುಂಪುಗೂಡಿಸಿ ಸಾಲ ಕೊಡುವ ಕಿರುಸಾಲದ ಕಂಪೆನಿಯನ್ನೂ ಜನರು "ಸಂಘ"ವೆಂದೇ ಕರೆಯುವರು, ಎರಡೂ ಒಂದಲ್ಲ. ಅಲ್ಲಿ ಬಡ್ಡಿಯು ಹೊರಗೆ ಹೋಗುವುದು.

ರಿಸರ್ವ್ ಬ್ಯಾಂಕಿನ ೨೦೨೨ರ ನಿಯಮದಂತೆ, ಕಿರುಸಾಲ ಪಡೆದ ಮನೆಯ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅರ್ಧವೆಂಬುದು ಮೇಲೆರೆ, ಅಲ್ಲಿಯವರೆಗೆ ಹೋಗಿರೆಂಬ ಸಲಹೆಯಲ್ಲ. ವಸೂಲಿಯವರ ಕಾಟ ತಾಳದೆ ಊರು ಬಿಟ್ಟವರೂ ಪ್ರಾಣ ಬಿಟ್ಟವರೂ ಉಂಟಾದುದರಿಂದ, ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಬೆದರಿಸುವುದು, ಬಾಗಿಲಲ್ಲಿ ಕುಳಿತು ಅವಮಾನಿಸುವುದು, ಮನೆಯವರನ್ನು ಪೀಡಿಸುವುದು ಅಪರಾಧಗಳು. ಪೊಲೀಸರಿಗೆ ದೂರು ಕೊಡಬಹುದು. ಸಾಲವನ್ನು ತೀರಿಸುವುದು ನಮ್ಮ ಧರ್ಮ. ಅವಮಾನವನ್ನು ಸಹಿಸುವುದು ನಮ್ಮ ಧರ್ಮವಲ್ಲ. ಯಾವ ಸಾಲವೂ ಒಂದು ಜೀವಕ್ಕಿಂತ ದೊಡ್ಡದಲ್ಲವೆಂಬುದನ್ನು ಮನೆಯ ಹಿರಿಯರು ಬಾಯಿಬಿಟ್ಟು ಹೇಳಬೇಕು. ಸಾಲದಲ್ಲಿರುವವನ ಕಿವಿಗೆ ಆ ಮಾತು ಬೀಳಲೇಬೇಕು.

ಅಭ್ಯಾಸ

ಪೂರ್ವವಿದ್ಯಾರ್ಥಿನಿಯರೇ, ಶಾಲೆಯಲ್ಲಿದ್ದಾಗ ಬಡ್ಡಿಯ ಲೆಕ್ಕವು ಬಾರದೆ ನೀವು ಅತ್ತ ದಿನಗಳನ್ನು ನಾವು ಮರೆತಿಲ್ಲ. ಆ ಲೆಕ್ಕವನ್ನು ಇಂದು ನಿಮ್ಮ ಮನೆಗಾಗಿ ಮತ್ತೊಮ್ಮೆ ಮಾಡಿರಿ. ಈ ರಾತ್ರಿ ಊಟವಾದ ಮೇಲೆ ಒಂದು ಹಾಳೆಯಲ್ಲಿ ಸಾಲಗಳನ್ನೆಲ್ಲಾ ಬರೆದು, ಬಡ್ಡಿ ಹೆಚ್ಚಾದುದರ ಕೆಳಗೆ ಗೆರೆಯೆಳೆಯಿರಿ. ನಾಳೆಯಿಂದ ವೆಚ್ಚವನ್ನು ಬರೆಯಿರಿ. ತಿಂಗಳ ಕಡೆಗೆ ಕೂಡಿಸುವ ಕೆಲಸವನ್ನು ಮಗಳ ಕೈಗೆ ಕೊಡಿರಿ. ಕೂಡಿ ಕಳೆಯುವಾಗ ಆಕೆ ತಪ್ಪಿದರೆ ತಿದ್ದಿರಿ, ಗದರಿಸಬೇಡಿರಿ; ಮುಂದೆ ಆಕೆಯು ಹೋದ ಮನೆಯನ್ನು ಸಾಲದಿಂದ ಕಾಯುವುದು ಆ ಒಂದು ಹಾಳೆಯೇ.