ಹಳೆಯ ಸೇತುವೆಗಳ ಜೀರ್ಣೋದ್ಧಾರ: ಒಂದು ವಿದ್ಯೆ, ಒಂದು ವೃತ್ತಿ

ನದಿಯು ನಾಡನ್ನು ಪೋಷಿಸುತ್ತದೆ. ಸೇತುವೆಯು ನಾಡನ್ನು ಕೂಡಿಸುತ್ತದೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸೀಮೆಯವರಿಗೆ ಈ ಮಾತಿನ ಅರ್ಥವನ್ನು ಮನಗಾಣಿಸುವ ನಿರ್ಮಾಣವೆಂದರೆ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಲಾದ ಹರಿಹರದ ಹಳೆಯ ಸೇತುವೆ. ಬೆಂಗಳೂರು-ಧಾರವಾಡ ಹೆದ್ದಾರಿಯ ಈ ಸೇತುವೆಯು 1868ರಲ್ಲಿ ಪೂರ್ಣಗೊಂಡಿತು. ಕಲ್ಲು ಮತ್ತು ಇಟ್ಟಿಗೆಗಳಿಂದ ಕಟ್ಟಿದ ಇದಕ್ಕೆ ತಲಾ 60 ಅಡಿ ಅಗಲದ 14 ದೀರ್ಘವೃತ್ತಾಕಾರದ ಕಮಾನುಗಳು. ಅಂದು ಹರಿಹರವು ಮೈಸೂರು ಸಂಸ್ಥಾನಕ್ಕೂ ಎದುರು ದಡದ ರಾಣೇಬೆನ್ನೂರು ಸೀಮೆಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೂ ಸೇರಿದ್ದವು. ಎರಡು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದೇ ರಾಜ್ಯದವರಾದರು. ಅದಕ್ಕೆ 88 ವರ್ಷಗಳ ಮೊದಲೇ ಈ ಕಮಾನುಗಳು ಎರಡೂ ದಡಗಳನ್ನು ಬೆಸೆದಿದ್ದವು.

ಕಮಾನಿನ ತತ್ತ್ವ

ಕಲ್ಲು ಒತ್ತಡವನ್ನು ಬಲ್ಲದು, ಎಳೆತವನ್ನು ತಾಳದು. ಕಮಾನಿನಲ್ಲಿ ಮೇಲಿನ ಭಾರವು ಕಲ್ಲಿನಿಂದ ಕಲ್ಲಿಗೆ ಒತ್ತಡವಾಗಿಯೇ ಸಾಗಿ ಕಂಬಗಳಿಗೂ ದಡದ ಆಸರೆಗೋಡೆಗಳಿಗೂ ಇಳಿಯುತ್ತದೆ. ದೀರ್ಘವೃತ್ತದ ಕಮಾನು ಹೆಚ್ಚು ಎತ್ತರಕ್ಕೇರದೆ ನೀರಿಗೆ ವಿಶಾಲವಾದ ದಾರಿಯನ್ನು ಬಿಡುತ್ತದೆ. ಆದರೆ ಅದು ಪಕ್ಕಕ್ಕೆ ತಳ್ಳುವ ಬಲವೂ ಹೆಚ್ಚು. ಆದುದರಿಂದ ಒಂದು ಕಂಬ ಸರಿದರೆ ಅದರ ಇಕ್ಕೆಲದ ಕಮಾನುಗಳಿಗೂ ಅಪಾಯ ಕಟ್ಟಿಟ್ಟದ್ದು.

ಇಂಥ ಸೇತುವೆಗಳಿಗೆ ವಾಹನಗಳ ಭಾರಕ್ಕಿಂತಲೂ ನೀರೇ ದೊಡ್ಡ ವೈರಿ. ಪ್ರವಾಹವು ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ಮಳೆನೀರು ಒಳಗಿಳಿದು ಗಾರೆಯನ್ನು ಕರಗಿಸುತ್ತದೆ. ಸಂದಿಯಲ್ಲಿ ಬಿದ್ದ ಅರಳಿಯ ಬೀಜವು ಬೇರುಬಿಟ್ಟು ಕಲ್ಲನ್ನೇ ಸೀಳುತ್ತದೆ.

ಜೀರ್ಣೋದ್ಧಾರದ ಕ್ರಮ

ಮೊದಲು ಅಳತೆ, ನಕ್ಷೆ ಮತ್ತು ಬಿರುಕುಗಳ ದಾಖಲೆ. ಬಳಿಕ ತಳಪಾಯದ ಪರೀಕ್ಷೆ. ಅನಂತರವೇ ದುರಸ್ತಿ. ಗಿಡಗಳನ್ನು ಬೇರುಸಹಿತ ತೆಗೆದು, ನೀರು ಹರಿಯುವ ತೂತುಗಳನ್ನು ತೆರೆದು, ಬಿರುಕುಗಳಿಗೆ ತೆಳುವಾದ ಗಾರೆಯನ್ನು ಒತ್ತಡದಿಂದ ತುಂಬಬೇಕು. ಹಳೆಯ ಸುಣ್ಣದ ಗಾರೆಯ ಮೇಲೆ ಗಟ್ಟಿ ಸಿಮೆಂಟನ್ನು ಮೆತ್ತುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಸಿಮೆಂಟು ತೇವವನ್ನು ಒಳಗೇ ಬಂಧಿಸಿ ಕಲ್ಲು-ಇಟ್ಟಿಗೆಗಳನ್ನು ಕೆಡಿಸುತ್ತದೆ. ಸುಣ್ಣವು ಕಟ್ಟಡದೊಡನೆ ಅಲ್ಪಸ್ವಲ್ಪ ಬಾಗುತ್ತದೆ, ತೇವವನ್ನು ಹೊರಬಿಡುತ್ತದೆ.

ವೃತ್ತಿಯ ಹಾದಿಗಳು

ಈ ಕಾರ್ಯಕ್ಕೆ ಒಬ್ಬನ ಜ್ಞಾನ ಸಾಲದು. ಭಾರದ ಲೆಕ್ಕಕ್ಕೆ ರಚನಾ ತಜ್ಞ, ಪ್ರವಾಹದ ಲೆಕ್ಕಕ್ಕೆ ಜಲತಜ್ಞ, ತಳಪಾಯಕ್ಕೆ ಮಣ್ಣಿನ ತಜ್ಞ, ಗಾರೆಯ ಪರೀಕ್ಷೆಗೆ ರಸಾಯನಶಾಸ್ತ್ರಜ್ಞ, ಲೇಸರ್ ಯಂತ್ರದಿಂದ ಅಳೆಯಬಲ್ಲ ಸರ್ವೇಯರ್, ಇವರೆಲ್ಲರೊಡನೆ ಕಲ್ಲಿನ ಗುಣವನ್ನರಿತ ಗೌಂಡಿ ಬೇಕು. ಎಸ್.ಎಸ್.ಎಲ್.ಸಿ. ಬಳಿಕ ಮೂರು ವರ್ಷಗಳ ಡಿಪ್ಲೊಮಾ, ಇಲ್ಲವೇ ಪಿ.ಯು.ಸಿ. ವಿಜ್ಞಾನದ ಬಳಿಕ ನಾಲ್ಕು ವರ್ಷಗಳ ಸಿವಿಲ್ ಪದವಿ ಇದರ ಹೆಬ್ಬಾಗಿಲು.

ಹಿಂದೆ ಈ ಭಾಗದ ವಿದ್ಯಾರ್ಥಿಗಳಿಗೆ ಇಂಜಿನಿಯರಿಂಗ್ ವಿದ್ಯೆಯೆಂದರೆ ದೂರದ ಮಾತಾಗಿತ್ತು, ಸರ್ ಎಂ. ವಿಶ್ವೇಶ್ವರಯ್ಯನವರೂ ಪುಣೆಗೆ ಹೋಗಿ ಕಲಿಯಬೇಕಾಯಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಕಾಲೇಜು, 1980ರಲ್ಲಿ ರಾಣೇಬೆನ್ನೂರಿನಲ್ಲಿ ತರಳಬಾಳು ಜಗದ್ಗುರುಗಳ ಹೆಸರಿನ ತಾಂತ್ರಿಕ ವಿದ್ಯಾಲಯ ಆರಂಭವಾದವು. ಹಾವೇರಿಯ ಬಳಿ ದೇವಗಿರಿಯಲ್ಲಿ ಸರಕಾರಿ ಕಾಲೇಜೂ ಇದೆ. ವಿದ್ಯೆ ಮನೆಬಾಗಿಲಿಗೆ ಬಂದಿದೆ.

ಹೊಸದನ್ನು ಕಟ್ಟುವವನಿಗೆ ಉದ್ಘಾಟನೆಯ ಹಾರವುಂಟು. ಹಳೆಯದನ್ನು ಉಳಿಸುವವನ ಹೆಸರನ್ನು ಕೇಳುವವರು ವಿರಳ. ಆದರೆ 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡದ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲುಕಮಾನಿನ ಸೇತುವೆಯು ಪ್ರವಾಹಕ್ಕೆ ಕುಸಿದು, ಎರಡು ಬಸ್ಸುಗಳು ನೀರುಪಾಲಾದವು. ಹಳೆಯ ಸೇತುವೆಯನ್ನು ಪರೀಕ್ಷಿಸುವ ಕಣ್ಣು ಎಷ್ಟು ಅಮೂಲ್ಯವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ವರದೆ, ಕುಮುದ್ವತಿ, ತುಂಗಭದ್ರೆಯರ ಮಡಿಲಲ್ಲಿ ಬೆಳೆದ ಮಕ್ಕಳು ಈ ಕಾಯಕವನ್ನು ಕೈಗೊಳ್ಳುವಂತೆ ಶಿಕ್ಷಕರು ಪ್ರೇರಣೆ ನೀಡಲಿ, ಹಿರಿಯ ವಿದ್ಯಾರ್ಥಿಗಳು ಮಾರ್ಗದರ್ಶನ ಮಾಡಲಿ, ದಾನಿಗಳು ಆಸರೆಯಾಗಲಿ. ಪೂರ್ವಜರು ಕಟ್ಟಿದ್ದನ್ನು ಮುಂದಿನವರಿಗೆ ಸುಭದ್ರವಾಗಿ ಒಪ್ಪಿಸುವುದೂ ನಾಡು ಕಟ್ಟುವ ಕೆಲಸವೇ ಆಗಿದೆ.