ಜಮೀನಿನ ನಕ್ಷೆಯಲ್ಲಿ ಗುಂಟೆ–ಆಣೆಗಳ ಲೆಕ್ಕ

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಅಣ್ಣತಮ್ಮಂದಿರ ಪಾಲು ಆಗುತ್ತಾ ಹಿಡುವಳಿಗಳು ಸಣ್ಣವಾಗಿವೆ. ಇಂಥ ಕಡೆ ಒಂದೊಂದು ಗುಂಟೆಗೂ ಬೆಲೆಯುಂಟು. ಆದಕಾರಣ ನಕ್ಷೆ, ಪಹಣಿಗಳ ಅಂಕಿಗಳನ್ನು ಓದುವ ಕ್ರಮವನ್ನೂ, ಚಿಲ್ಲರೆ ಅಂಕಿಗಳನ್ನು ಎಲ್ಲಿ ಬಿಡಬಹುದೆಂಬುದನ್ನೂ ರೈತ ಬಾಂಧವರು ತಿಳಿದಿರುವುದು ಅವಶ್ಯ.

ಹಳೆಯ ಟಿಪ್ಪಣಿಗಳಲ್ಲಿ ಅಳತೆಯು ಸರಪಳಿ ಮತ್ತು ಆಣೆಗಳಲ್ಲಿರುತ್ತದೆ. ಸರಪಳಿಯೆಂದರೆ 33 ಅಡಿ. ಅದರ ಹದಿನಾರನೆಯ ಒಂದು ಭಾಗವೇ ಆಣೆ, ಅಂದರೆ 2 ಅಡಿ ಮುಕ್ಕಾಲು ಅಂಗುಲ. ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ (1089 ಚದರ ಅಡಿ), 40 ಗುಂಟೆಗೆ ಒಂದು ಎಕರೆ. ವಿಸ್ತೀರ್ಣದಲ್ಲೂ ಗುಂಟೆಗೆ 16 ಆಣೆ.

ಪಹಣಿಯಲ್ಲಿ 2.17 ಎಂದಿದ್ದರೆ ಅದು 2 ಎಕರೆ 17 ಗುಂಟೆ. ಅದನ್ನು ದಶಾಂಶವೆಂದು ಓದಬಾರದು. 17ನ್ನು 40ರಿಂದ ಭಾಗಿಸಿದರೆ ನಿಜವಾದ ವಿಸ್ತೀರ್ಣ 2.425 ಎಕರೆ. ಭತ್ತಕ್ಕೆ ಎಕರೆಗೆ 40 ಕಿಲೋ ಸಾರಜನಕ ಕೊಡುವುದಾದರೆ ಈ ಗದ್ದೆಗೆ 97 ಕಿಲೋ ಬೇಕು. ತಪ್ಪಾಗಿ ಓದಿದವರು ಸುಮಾರು 87 ಕಿಲೋ ಹಾಕಿ, ಪೈರು ಏಕೆ ಹಳದಿಯಾಯಿತೆಂದು ಕೇಳುತ್ತಾರೆ! ಎಕರೆಗೆ 40 ಕಿಲೋ ಎಂದರೆ ಗುಂಟೆಗೊಂದು ಕಿಲೋ. ಈ ಲೆಕ್ಕಕ್ಕೆ ಕಾಗದವೂ ಬೇಡ.

ಇದೇ 97 ಗುಂಟೆಯನ್ನು ಮೂವರಿಗೆ ಸಮನಾಗಿ ಹಂಚಿ ಪೋಡಿ ಮಾಡಿಸಬೇಕೆನ್ನಿ. ತಲೆಗೆ 32 ಗುಂಟೆ 5 ಆಣೆ, ಮೇಲೆ ಆಣೆಯ ಮೂರನೇ ಒಂದು ಭಾಗ. ಚಿಲ್ಲರೆ ಬಿಟ್ಟು 32 ಗುಂಟೆಯಂತೆ ಬರೆದರೆ ಒಂದು ಇಡೀ ಗುಂಟೆ ಯಾರ ಹೆಸರಿಗೂ ಸೇರದು. ನಾಳೆಯ ಬದುವಿನ ಜಗಳಕ್ಕೆ ಇಷ್ಟು ಸಾಕು. ಆಣೆಯವರೆಗೆ ಹಿಡಿದು ಇಬ್ಬರಿಗೆ 32–5, ಒಬ್ಬರಿಗೆ 32–6 ಎಂದು ಬರೆದರೆ ಮೊತ್ತ 97ಕ್ಕೇ ನಿಲ್ಲುತ್ತದೆ. ಉಳಿದ ಆಣೆ ಯಾರಿಗೆಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಹೆಕ್ಟೇರಿಗೆ ತಿರುಗಿಸುವಾಗ ದಶಾಂಶದ ನಂತರ ಎರಡೇ ಸ್ಥಾನ ಉಳಿಸಿದರೆ ಅರ್ಧ ಗುಂಟೆಯಷ್ಟು ಹೆಚ್ಚುಕಡಿಮೆ ಆಗಬಹುದು. ನಾಲ್ಕು ಸ್ಥಾನ ಬರೆಯಿರಿ; ಮೇಲಿನ ಗದ್ದೆ 0.9814 ಹೆಕ್ಟೇರು. ಅದಕ್ಕಿಂತ ಹೆಚ್ಚು ಅಂಕಿ ಬರೆದು ಪ್ರಯೋಜನವಿಲ್ಲ. ಆಣೆಗೆ ಸರಿಹೊಂದಿಸಿ ಬರೆದ ಅಳತೆಯಲ್ಲಿ ಒಂದಡಿಯ ವ್ಯತ್ಯಾಸ ಮೊದಲೇ ಇದ್ದೀತು.

ಗ್ರಾಮ ನಕ್ಷೆಯ ಮೇಲೆ ಅಳತೆಪಟ್ಟಿಯಿಟ್ಟು ಬದು ಗುರುತಿಸುವುದಂತೂ ಕೂಡದು. ಮೈಲಿಗೆ 8 ಅಂಗುಲದ ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರಿನ ಗೆರೆಯೇ ನೆಲದ ಮೇಲೆ 13 ಅಡಿ. ಟಿಪ್ಪಣಿಯಲ್ಲಿ ಗೆರೆಗಿಂತ ಅದರ ಮೇಲೆ ಬರೆದ ಅಂಕಿಯೇ ಮುಖ್ಯ.

ಪೋಡಿ ನಕ್ಷೆಗೆ ರುಜು ಹಾಕುವ ಮೊದಲು ಎಲ್ಲ ಹಿಸ್ಸಾಗಳನ್ನು ಖರಾಬು ಸಮೇತ ಕೂಡಿ, ಆಕಾರಬಂದಿನ ವಿಸ್ತೀರ್ಣಕ್ಕೆ ತಾಳೆ ನೋಡಿ. ಒಂದು ಆಣೆ ತಪ್ಪಿದರೂ ಸರ್ವೆಯರನ್ನು ಅಲ್ಲಿಯೇ ಕೇಳಿ ಸರಿಪಡಿಸಿಕೊಳ್ಳಿ.